ಕೊಯ್ಯುವುದು ಹೊಟ್ಟೆಯನ್ನು, ಕುಗ್ಗುವುದು ಶ್ವಾಸಕೋಶ: ಆಪರೇಷನ್‌ಗೆ ಉಸಿರನ್ನು ಸಜ್ಜು ಮಾಡಿಕೊಳ್ಳುವ ಬಗೆ

ಹೊಟ್ಟೆಯ ಆಪರೇಷನ್ ಆದ ಮಾರನೆಯ ಬೆಳಿಗ್ಗೆ ಸಿಸ್ಟರ್ ಬಂದು ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ರೋಗಿಯ ಕೈಗಿಟ್ಟು, "ಇದನ್ನ ಊದ್ತಾ ಇರಿ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ಇಲ್ಲಿ ಎರಡು ತಪ್ಪುಗಳಾದವು. ಅದು ಊದುವ ಸಾಮಾನಲ್ಲ, ಉಸಿರು ಒಳಗೆಳೆಯುವ ಸಾಮಾನು. ಜೊತೆಗೆ, ಅದನ್ನು ಕೈಗಿಡಬೇಕಾದ್ದು ಹೊಲಿಗೆ ಬಿದ್ದ ಮೇಲಲ್ಲ. ಒಂದೆರಡು ವಾರ ಮೊದಲು, ನೋವಿಲ್ಲದೆ ಎದೆ ತುಂಬ ಉಸಿರೆಳೆಯಲು ಬರುವಾಗಲೇ ಕಲಿತಿರಬೇಕು. ನೋವು, ಮಂಪರು, ಮೂಗಿಗೊಂದು ನಳಿಕೆ ಇರುವಾಗ ಹೊಸ ವಿದ್ಯೆ ಯಾರ ತಲೆಗೂ ಹತ್ತುವುದಿಲ್ಲ.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಹೊಟ್ಟೆಯ ಮೇಲ್ಭಾಗದ ಆಪರೇಷನ್‌ಗೆ ಹೊರಟ 441 ಜನರ ಮೇಲೆ, ಹೀಗೆ ಮೊದಲೇ ಕಲಿಸುವುದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಒಂದು ಕೈಪಿಡಿ ಕೊಟ್ಟು ಬಿಟ್ಟರು. ಉಳಿದವರಿಗೆ ಕೈಪಿಡಿಯ ಜೊತೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ಒಮ್ಮೆ, ಅರ್ಧ ಗಂಟೆ ಕೂತು ಉಸಿರಾಟದ ಅಭ್ಯಾಸ ಹೇಳಿಕೊಟ್ಟರು. ಶ್ವಾಸಕೋಶದ ತೊಂದರೆ ಮೊದಲ ಗುಂಪಿನಲ್ಲಿ ನೂರಕ್ಕೆ 27 ಮಂದಿಗೆ ಬಂತು, ಎರಡನೆಯದರಲ್ಲಿ 12 ಮಂದಿಗೆ. ಔಷಧಿಯಿಲ್ಲ, ಯಂತ್ರವಿಲ್ಲ, ಬರೀ ಅರ್ಧ ಗಂಟೆಯ ಪಾಠ. ಆ ಪಾಠವನ್ನೂ ಅದರ ಹಿಂದಿನ ಕಾರಣವನ್ನೂ ಇಲ್ಲಿ ಹೇಳಿದ್ದೇವೆ.

ಮಲಗಿದ ಗಳಿಗೆಯಿಂದಲೇ

ಸಹಜವಾಗಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಖಾಲಿಯಾಗುವುದಿಲ್ಲ. ನಿಂತಿರುವ ವಯಸ್ಕರಲ್ಲಿ ಸುಮಾರು 2.5ರಿಂದ 3 ಲೀಟರ್ ಗಾಳಿ ಒಳಗೇ ಉಳಿದಿರುತ್ತದೆ. ಎರಡು ಉಸಿರುಗಳ ನಡುವೆ ರಕ್ತಕ್ಕೆ ಆಮ್ಲಜನಕ ಸಿಗುವುದು ಈ ದಾಸ್ತಾನಿನಿಂದ. ಶ್ವಾಸಕೋಶದೊಳಗಿನ ಪುಟ್ಟ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಬಿಡಿಸಿ ಹಿಡಿಯುವುದೂ ಇದೇ ಗಾಳಿ.

ಅಂಗಾತ ಮಲಗಿದ ಕೂಡಲೇ ಹೊಟ್ಟೆಯೊಳಗಿನ ಅಂಗಗಳು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ಸ್ನಾಯುವನ್ನು, ಮೇಲಕ್ಕೆ ತಳ್ಳುತ್ತವೆ. ದಾಸ್ತಾನಿನಲ್ಲಿ 0.8ರಿಂದ 1 ಲೀಟರ್ ಅಲ್ಲೇ ಹೋಯಿತು. ಪೂರ್ಣ ಅರಿವಳಿಕೆ ಕೊಟ್ಟರೆ ವಪೆಯ ಮತ್ತು ಪಕ್ಕೆಲುಬಿನ ಸ್ನಾಯುಗಳ ಬಿಗಿ ಸಡಿಲವಾಗಿ ಇನ್ನೂ 0.4–0.5 ಲೀಟರ್ ಇಳಿಯುತ್ತದೆ. ಒಂದು ನಿಮಿಷದ ಹಿಂದೆ ಇದ್ದ ಗಾಳಿಯಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಉಳಿಯಿತು. ಬೊಜ್ಜು ಇದ್ದವರಲ್ಲಿ, ತುಂಬು ಗರ್ಭಿಣಿಯರಲ್ಲಿ ಇಳಿತ ಇದಕ್ಕಿಂತ ಹೆಚ್ಚು. ವಯಸ್ಸಾದಂತೆ ಸಣ್ಣ ಗಾಳಿಕೊಳವೆಗಳು ಬೇಗ ಮುಚ್ಚಿಕೊಳ್ಳುತ್ತವೆ. ಸುಮಾರು 45 ದಾಟಿದವರಲ್ಲಿ ಅಂಗಾತ ಮಲಗಿ ಎಂದಿನಂತೆ ಉಸಿರಾಡುವಾಗಲೇ ಕೆಲವು ಕೊಳವೆಗಳು ಮುಚ್ಚಿರುತ್ತವೆ.

ಹೀಗೆ ಕುಗ್ಗಿದ ಶ್ವಾಸಕೋಶದ ಬೆನ್ನಿನ ಕಡೆಯ ಭಾಗ, ವಪೆಗೆ ಒತ್ತಿಕೊಂಡ ಭಾಗ, ಗಾಳಿಯಿಲ್ಲದೆ ಮುದುಡುತ್ತದೆ. ಡಾಕ್ಟರುಗಳು ಅಟಲೆಕ್ಟಾಸಿಸ್ ಎನ್ನುವುದು ಇದಕ್ಕೇ. 1980ರ ದಶಕದಲ್ಲಿ ಸ್ವೀಡನ್‌ನ ಸಂಶೋಧಕರು ಅರಿವಳಿಕೆಯಲ್ಲಿದ್ದವರನ್ನು ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಇದು ಕಂಡಿತು. ಅದೂ ಕೆಲವೇ ನಿಮಿಷಗಳಲ್ಲಿ, ಆರೋಗ್ಯವಂತರಲ್ಲೂ. ಆದ್ದರಿಂದ "ನನಗೇನೂ ದಮ್ಮಿಲ್ಲ, ಬೀಡಿಯೂ ಸೇದಲ್ಲ" ಎಂದು ನಿಶ್ಚಿಂತರಾಗುವ ಹಾಗಿಲ್ಲ. ಮುದುಡುವುದು ಬಹುತೇಕ ಎಲ್ಲರಿಗೂ ಇದ್ದದ್ದೇ. ಮುದುಡಿದ್ದು ಮರುದಿನ ಬಿಚ್ಚಿಕೊಳ್ಳುತ್ತದೋ, ಕಫ ಕಟ್ಟಿ ನ್ಯೂಮೋನಿಯಾಕ್ಕೆ ತಿರುಗುತ್ತದೋ ಎಂಬುದಷ್ಟೇ ಪ್ರಶ್ನೆ.

ಮುದುಡಲು ಇನ್ನೊಂದು ಕಾರಣ ವಿಚಿತ್ರವಾದದ್ದು: ಶುದ್ಧ ಆಮ್ಲಜನಕ. ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್. ರಕ್ತ ಅದನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ ಅದು ಗಾಳಿಗೂಡಿನಲ್ಲೇ ಉಳಿದು ಕಂಬದ ಹಾಗೆ ಗೂಡನ್ನು ಎತ್ತಿ ಹಿಡಿಯುತ್ತದೆ. 100 ಶೇಕಡಾ ಆಮ್ಲಜನಕ ತುಂಬಿದಾಗ ಕಂಬ ಇಲ್ಲವಾಗುತ್ತದೆ. ಕೊಳವೆ ಮುಚ್ಚಿದ ಗೂಡಿನೊಳಗಿನ ಆಮ್ಲಜನಕವನ್ನು ರಕ್ತ ಪೂರ್ತಿ ಹೀರಿಕೊಂಡು ಗೂಡು ಕುಸಿಯುತ್ತದೆ.

ಗಾಳಿಯಿಲ್ಲದ ಭಾಗಕ್ಕೆ ರಕ್ತ ಹೋಗದಂತೆ ಅಲ್ಲಿನ ನಾಳಗಳನ್ನು ಬಿಗಿ ಮಾಡುವ ಜಾಣತನ ಶ್ವಾಸಕೋಶಕ್ಕಿದೆ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಔಷಧಿಗಳು ಅದನ್ನೂ ಮಂಕಾಗಿಸುತ್ತವೆ. ಕಫವನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳು, ಒಣ ಅನಿಲ ಮತ್ತು ಗಂಟಲಿನ ಮೂಲಕ ಶ್ವಾಸನಾಳಕ್ಕೆ ಇಳಿಸುವ ಉಸಿರಿನ ಕೊಳವೆಯ ದೆಸೆಯಿಂದ, ನಿಧಾನವಾಗುತ್ತವೆ.

ಒಟಿಯೊಳಗೆ

ಈ ಭಾಗ ರೋಗಿಯ ಕೈಯಲ್ಲಿಲ್ಲ. ಆದರೂ ತಿಳಿದಿದ್ದರೆ ಭಯ ಕಡಿಮೆ. ಅರಿವಳಿಕೆ ಏರುವ ಮೊದಲು ಮುಖಕ್ಕೆ ಮಾಸ್ಕ್ ಇಟ್ಟು 3 ನಿಮಿಷ ಆಮ್ಲಜನಕ ಕೊಡುತ್ತಾರೆ, ಇಲ್ಲವೇ ಒಂದು ನಿಮಿಷದಲ್ಲಿ 8 ದೀರ್ಘ ಉಸಿರು ಎಳೆಯಲು ಹೇಳುತ್ತಾರೆ. ಮಾಸ್ಕ್ ಬಿಗಿ ಎನಿಸಿ ಪಕ್ಕಕ್ಕೆ ಸರಿಸುವವರು ಬಹಳ. ಸರಿಸಬೇಡಿ. ಸಂದಿಯಿಂದ ಹೊರಗಾಳಿ ಸೇರಿದರೆ ದಾಸ್ತಾನು ತುಂಬುವುದಿಲ್ಲ. ಅರಿವಳಿಕೆಯಿಂದ ಉಸಿರು ನಿಂತು, ಉಸಿರಿನ ಕೊಳವೆ ಹಾಕುವ ನಡುವಿನ ಹೊತ್ತಿನಲ್ಲಿ, ಮಾಸ್ಕ್ ಸರಿಯಾಗಿ ಕೂತ ಆರೋಗ್ಯವಂತರಲ್ಲಿ ಆಮ್ಲಜನಕದ ಮಟ್ಟ 6–8 ನಿಮಿಷ ತಡೆದುಕೊಳ್ಳುತ್ತದೆ. ಬರೀ ಗಾಳಿ ಉಸಿರಾಡುತ್ತಿದ್ದವರಲ್ಲಿ ಒಂದು ನಿಮಿಷದ ಆಸುಪಾಸು. ತುಂಬ ಬೊಜ್ಜು ಇದ್ದವರಲ್ಲಿ ಮಾಸ್ಕ್ ಸರಿಯಿದ್ದರೂ 3 ನಿಮಿಷಕ್ಕಿಂತ ಹೆಚ್ಚಿನ ಅವಕಾಶ ಸಿಗುವುದು ಕಷ್ಟ. ಹಾಗಾಗಿಯೇ ಅವರ ತಲೆ, ಭುಜಗಳನ್ನು ದಿಂಬು ಕೊಟ್ಟು ಎತ್ತರಿಸುತ್ತಾರೆ.

ಶುದ್ಧ ಆಮ್ಲಜನಕ ಗೂಡನ್ನು ಕುಸಿಯುವಂತೆ ಮಾಡುತ್ತದೆ ಎಂದ ಮೇಲೆ ಇದೇಕೆ? ಆ ಕುಸಿತವನ್ನು ಆಮೇಲೆ ಬಿಡಿಸಬಹುದು, ಕೊಳವೆ ಹಾಕಲು ತಡವಾದಾಗ ಸಿಕ್ಕುವ ಆ ಐದಾರು ನಿಮಿಷಗಳನ್ನು ಆಮೇಲೆ ತರಲಾಗದು.

ವೆಂಟಿಲೇಟರ್ ಕೊಡುವ ಒಂದೊಂದು ಉಸಿರಿನ ಅಳತೆಯನ್ನು ದೇಹದ ತೂಕದ ಮೇಲಲ್ಲ, ಎತ್ತರದ ಮೇಲೆ ನಿರ್ಧರಿಸಬೇಕು. ಹೆಂಗಸರಿಗೆ 45.5, ಗಂಡಸರಿಗೆ 50 ಇಟ್ಟುಕೊಂಡು, ಎತ್ತರದ ಸೆಂಟಿಮೀಟರಿನಿಂದ 152.4 ಕಳೆದು, 0.91ರಿಂದ ಗುಣಿಸಿ ಕೂಡಿಸಿದರೆ ಎತ್ತರಕ್ಕೆ ತಕ್ಕ ತೂಕ ಸಿಗುತ್ತದೆ. 155 ಸೆಂಟಿಮೀಟರ್ ಎತ್ತರದ, 85 ಕಿಲೋ ತೂಕದ ಹೆಂಗಸಿನ ಲೆಕ್ಕ ಹೀಗೆ ಮಾಡಿದರೆ ಸುಮಾರು 48 ಕಿಲೋ ಬರುತ್ತದೆ. ಕಿಲೋಗೆ 6–8 ಮಿಲಿಲೀಟರಿನಂತೆ ಆಕೆಗೆ ಬೇಕಾದ ಉಸಿರು ಸುಮಾರು 290ರಿಂದ 380 ಮಿಲಿಲೀಟರ್. ತೂಕ ನೋಡಿ 85ನ್ನು 8ರಿಂದ ಗುಣಿಸಿದರೆ 680. ಮೈ ದಪ್ಪವಾದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಕುಳ್ಳಗಿನ ದಪ್ಪ ಹೆಂಗಸರಿಗೆ ಈ ತಪ್ಪು ಹೆಚ್ಚಾಗಿ ಆಗುತ್ತದೆ. ಉಸಿರು ಬಿಟ್ಟ ಕೊನೆಯಲ್ಲೂ ಗೂಡು ಪೂರ್ತಿ ಮುಚ್ಚದಂತೆ 5 ಸೆಂಟಿಮೀಟರ್ ನೀರಿನಷ್ಟು ಒತ್ತಡ ಉಳಿಸುವುದು ಸಾಮಾನ್ಯ ರೂಢಿ. ಇನ್ನೂ ಜಾಸ್ತಿ ಇಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು 12 ಸೆಂಟಿಮೀಟರ್ ಇಟ್ಟು ನೋಡಿದ ದೊಡ್ಡ ಪರೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ತೊಂದರೆ ಕಡಿಮೆಯಾಗಲಿಲ್ಲ, ಬಿ.ಪಿ. ಮಾತ್ರ ಹೆಚ್ಚು ಜನರಲ್ಲಿ ಕುಸಿಯಿತು.

ಕೊನೆಯ ಗಂಡಾಂತರ ಎಚ್ಚರವಾಗುವ ಹೊತ್ತಿನದು. ಸ್ನಾಯು ಸಡಿಲಿಸುವ ಔಷಧಿ ಪೂರ್ತಿ ಇಳಿಯದೆ ಕೊಳವೆ ತೆಗೆದರೆ, ರೋಗಿ ಕಣ್ಣು ಬಿಟ್ಟು ತಲೆಯಾಡಿಸುತ್ತಿದ್ದರೂ ಗಂಟಲಿನ ಸ್ನಾಯುಗಳು ಇನ್ನೂ ಸೋತಿರುತ್ತವೆ. ಎಂಜಲು ಶ್ವಾಸನಾಳಕ್ಕೆ ಇಳಿಯಬಹುದು. "ತಲೆ ಎತ್ತಿ, ಕೈ ಹಿಸುಕಿ" ಎಂಬ ಹಳೆಯ ಪರೀಕ್ಷೆ ಸಾಲದು. ಮಣಿಕಟ್ಟಿನ ನರಕ್ಕೆ ನಾಲ್ಕು ಸಣ್ಣ ಮಿಡಿತ ಕೊಟ್ಟು, ನಾಲ್ಕನೆಯ ಸೆಳೆತ ಮೊದಲನೆಯದರ ಶೇಕಡಾ 90ರಷ್ಟಾದರೂ ಇದೆಯೇ ಎಂದು ಯಂತ್ರದಲ್ಲಿ ಅಳೆಯುವುದೇ ಸರಿಯಾದ ಕ್ರಮ.

ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್‌ನಲ್ಲಿ ಈ ತಾಪತ್ರಯಗಳು ಬಹಳ ಕಡಿಮೆ. ವಪೆಯ ನರ ಕುತ್ತಿಗೆಯಿಂದ ಬರುವುದರಿಂದ ಅದಕ್ಕೆ ತಾಗುವುದಿಲ್ಲ. ಆದರೆ ಮರಗಟ್ಟು ಎದೆಯವರೆಗೆ ಏರಿದರೆ ಹೊಟ್ಟೆ, ಪಕ್ಕೆಲುಬಿನ ಸ್ನಾಯುಗಳು ಸೋತು ಕೆಮ್ಮಲು ಬಲವಿರುವುದಿಲ್ಲ. ಭುಜದ ಆಪರೇಷನ್‌ಗೆ ಕುತ್ತಿಗೆಯ ಪಕ್ಕದಲ್ಲಿ ಕೊಡುವ ನರದ ಬ್ಲಾಕ್ ಇನ್ನೊಂದು ಬಗೆಯದು. ವಾಡಿಕೆಯ ಪ್ರಮಾಣದಲ್ಲಿ ಕೊಟ್ಟರೆ ಆ ಕಡೆಯ ವಪೆ ಕೆಲವು ಗಂಟೆ ಸುಮ್ಮನಾಗುವುದು ಮಾಮೂಲು. ಆರೋಗ್ಯವಂತರಿಗೆ ಗೊತ್ತೇ ಆಗುವುದಿಲ್ಲ. ಒಂದು ಶ್ವಾಸಕೋಶ ಮೊದಲೇ ಕೆಟ್ಟಿರುವವರು ಮುಂಚೆಯೇ ಹೇಳಲೇಬೇಕು.

ಯಾರಿಗೆ ಎಷ್ಟು ಅಪಾಯ

ಸ್ಪೇನ್‌ನ ಕೆಟಲೋನಿಯಾದಲ್ಲಿ ಸಿದ್ಧಪಡಿಸಿ 2010ರಲ್ಲಿ ಪ್ರಕಟಿಸಿದ ಒಂದು ಅಂಕಪಟ್ಟಿ ಬಹಳ ಕಡೆ ಬಳಕೆಯಲ್ಲಿದೆ. ವಯಸ್ಸು 51–80 ಆದರೆ 3 ಅಂಕ, ಅದಕ್ಕೂ ಮೇಲಾದರೆ 16. ಬೆರಳಿನ ಕ್ಲಿಪ್ ತೋರಿಸುವ ಆಮ್ಲಜನಕದ ಮಟ್ಟ ಶೇಕಡಾ 91–95 ಇದ್ದರೆ 8, 90 ಅಥವಾ ಕಡಿಮೆ ಇದ್ದರೆ 24. ಕಳೆದ ಒಂದು ತಿಂಗಳಲ್ಲಿ ಉಸಿರಾಟದ ಸೋಂಕು ಬಂದಿದ್ದರೆ 17. ಹಿಮೋಗ್ಲೋಬಿನ್ 10 ಅಥವಾ ಕಡಿಮೆಯಿದ್ದರೆ 11. ಹೊಕ್ಕುಳಿಗಿಂತ ಮೇಲೆ ಕೊಯ್ಯುವ ಗಾಯಕ್ಕೆ 15, ಎದೆಯೊಳಗಿನ ಆಪರೇಷನ್‌ಗೆ 24. ಸಮಯ 2ರಿಂದ 3 ಗಂಟೆಯಾದರೆ 16, ಅದಕ್ಕೂ ಹೆಚ್ಚಾದರೆ 23. ತುರ್ತು ಆಪರೇಷನ್ ಆದರೆ 8. ಒಟ್ಟು 26ಕ್ಕಿಂತ ಕೆಳಗೆ ಬಂದರೆ ಕಡಿಮೆ ಅಪಾಯ, 26–44 ಮಧ್ಯಮ, 45 ಮತ್ತು ಮೇಲೆ ಹೆಚ್ಚು.

62 ವರ್ಷದ, ಯಾವತ್ತೂ ದಮ್ಮು ಕಾಣದ ಒಬ್ಬರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಎರಡೂವರೆ ಗಂಟೆಯ ಆಪರೇಷನ್ ಎನ್ನಿ. ಆಮ್ಲಜನಕ 95, ಹಿಮೋಗ್ಲೋಬಿನ್ 9.8. ಕೂಡಿಸಿ: 3, 8, 11, 15, 16. ಒಟ್ಟು 53. ಶ್ವಾಸಕೋಶದ ಕಾಯಿಲೆ ಇಲ್ಲದೆಯೂ ಹೆಚ್ಚು ಅಪಾಯದ ಗುಂಪು! ಇದರಲ್ಲಿ ವಯಸ್ಸನ್ನು ಬದಲಿಸಲಾಗದು, ಆಪರೇಷನ್ ಜಾಗವನ್ನೂ ಬದಲಿಸಲಾಗದು. ರಕ್ತಹೀನತೆಗೆ ಕಬ್ಬಿಣಾಂಶ ಕೊಡಬಹುದು, ತುರ್ತಿಲ್ಲದಿದ್ದರೆ ನೆಗಡಿ ಕೆಮ್ಮು ವಾಸಿಯಾಗುವವರೆಗೆ ಕಾಯಬಹುದು. ಅಂಕ ಇಳಿದಷ್ಟೇ ಲೆಕ್ಕಾಚಾರವಾಗಿ ಅಪಾಯವೂ ಇಳಿಯುತ್ತದೆ ಎಂದೇನಲ್ಲ. ಆದರೂ ಎಲ್ಲಿ ಕೈಹಾಕಬೇಕೆಂಬುದು ಇದರಿಂದ ಗೊತ್ತಾಗುತ್ತದೆ.

ಪಟ್ಟಿಯಲ್ಲಿಲ್ಲದ, ನಮ್ಮ ಕಡೆ ಮುಖ್ಯವಾದ ಸಂಗತಿಗಳು ಬೇರೆಯೇ ಇವೆ. ಇವನ್ನು ಅರಿವಳಿಕೆ ತಜ್ಞರು ಕೇಳದಿದ್ದರೂ ಹೇಳಿ. ಮೂವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದ ಅಜ್ಜಿ "ಸಿಗರೇಟ್ ಸೇದ್ತೀರಾ" ಎಂಬ ಪ್ರಶ್ನೆಗೆ ಇಲ್ಲವೆಂದೇ ಹೇಳುತ್ತಾರೆ, ಶ್ವಾಸಕೋಶ ಮಾತ್ರ ಸೇದಿದವರದ್ದರಂತೆಯೇ ಇರಬಹುದು. ಹಿಂದೆ ಟಿ.ಬಿ. ಬಂದು ವಾಸಿಯಾಗಿದ್ದರೂ ಒಳಗೆ ಗಾಯದ ಗುರುತು ಉಳಿದಿರುತ್ತದೆ. ಕಲ್ಲು ಒಡೆಯುವ ಕೆಲಸವನ್ನೂ ಹೇಳಿ. ಗುಟ್ಕಾ, ಅಡಿಕೆ ಜಗಿದು ಜಗಿದು ಬಾಯಿ ಅಗಲಿಸಲಾಗದಂತಾದವರಿಗೆ ಉಸಿರಿನ ಕೊಳವೆ ಹಾಕುವುದೇ ದೊಡ್ಡ ಸವಾಲು. ಕನ್ನಡಿಯ ಮುಂದೆ ನಿಂತು ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ತೂರಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಮುಂಚೆಯೇ ತಿಳಿಸಿ, ಒಟಿ ಮೇಜಿನ ಮೇಲಲ್ಲ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ಬೆಚ್ಚುವುದು, ಹಗಲು ತೂಕಡಿಕೆ ಇದ್ದರೆ ಅದನ್ನು ಹೇಳಬೇಕಾದವರು ಹೆಂಡತಿ ಅಥವಾ ಗಂಡ. ರೋಗಿಗೆ ತಾನು ಗೊರಕೆ ಹೊಡೆಯುವುದು ಗೊತ್ತಿರುವುದಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರವನ್ನು ರಾತ್ರಿ ಬಳಸುವವರು ಅದನ್ನು ಮಾಸ್ಕ್ ಸಮೇತ ಆಸ್ಪತ್ರೆಗೆ ಒಯ್ಯಬೇಕು.

ಎರಡು ಮಹಡಿ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಲು ಬಂದರೆ ಹೃದಯ ಮತ್ತು ಶ್ವಾಸಕೋಶಕ್ಕೆ ಸಾಮಾನ್ಯ ಆಪರೇಷನ್ ತಾಳುವಷ್ಟು ಕಸುವಿದೆ ಎಂದು ತಿಳಿಯಬಹುದು. ಎದೆ ಎಕ್ಸ್-ರೇಗಿಂತ ಈ ಮೆಟ್ಟಿಲು ಅನೇಕ ಸಲ ಹೆಚ್ಚು ಹೇಳುತ್ತದೆ.

ಆಪರೇಷನ್‌ಗೆ ಮುಂಚೆ ಮಾಡಬೇಕಾದ್ದು

ಬೀಡಿ, ಸಿಗರೇಟ್ ಬಿಡಿ. ಕನಿಷ್ಠ 4 ವಾರ ಮೊದಲು ಬಿಟ್ಟರೆ ಶ್ವಾಸಕೋಶದ ತೊಂದರೆ ಇಳಿಯುತ್ತದೆ, 8 ವಾರವಾದರೆ ಇನ್ನೂ ಒಳ್ಳೆಯದು. "ಈಗ ಬಿಟ್ಟರೆ ಕಫ ಜಾಸ್ತಿಯಾಗುತ್ತೆ, ಆಪರೇಷನ್ ಮುಗಿಯಲಿ" ಎಂಬ ಸಲಹೆ ಈಗಲೂ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲ. ಹಿಂದಿನ ದಿನ ಬಿಟ್ಟರೂ ಲಾಭವಿದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದಿರುತ್ತದೆ, 12–24 ಗಂಟೆಯಲ್ಲಿ ಅದರ ಬಹುಪಾಲು ಖಾಲಿಯಾಗುತ್ತದೆ.

ದಮ್ಮು ಇರುವವರು ಇನ್ಹೇಲರ್ ನಿಲ್ಲಿಸಬಾರದು. ಆಪರೇಷನ್ ದಿನ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿದ್ದರೂ ಇನ್ಹೇಲರ್ ಎಳೆದುಕೊಳ್ಳಬಹುದು. ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ. ಇನ್ಹೇಲರ್ ಒಟಿ ಬಾಗಿಲವರೆಗೂ ಕೈಯಲ್ಲಿರಲಿ.

ಮಕ್ಕಳಿಗೆ ಜ್ವರ, ಹಳದಿ ಸಿಂಬಳ, ಎದೆಯಲ್ಲಿ ಗೊರಗೊರ ಇದ್ದರೆ ತುರ್ತಲ್ಲದ ಆಪರೇಷನ್ ಮುಂದೂಡುವುದೇ ಸರಿ. ಕನಿಷ್ಠ ಎರಡು ವಾರ. ತಾರೀಖು ತಪ್ಪಿಹೋಗುತ್ತದೆಂದು ನೆಗಡಿ ಮುಚ್ಚಿಡಬೇಡಿ. ಸೋಂಕಿನಿಂದ ಕೆರಳಿದ ಶ್ವಾಸನಾಳ ಕೊಳವೆ ತಾಗಿದ ಕೂಡಲೇ ಬಿಗಿದುಕೊಳ್ಳಬಹುದು.

ಉಪವಾಸದ ಲೆಕ್ಕ ಸರಿಯಾಗಿರಲಿ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಎಣ್ಣೆಯಲ್ಲಿ ಕರಿದದ್ದು, ಮಾಂಸದೂಟ ಆಗಿ 8 ಗಂಟೆ. ಇಡ್ಲಿಯಂಥ ಹಗುರ ತಿಂಡಿ, ಹಾಲು ಆಗಿ 6 ಗಂಟೆ. ಎದೆಹಾಲಿಗೆ 4. ನೀರಿಗೆ 2. ಹಾಲು ಹಾಕಿದ ಕಾಫಿ "ಬರೀ ಕಾಫಿ" ಅಲ್ಲ, ಅದು ಹಾಲಿನ ಲೆಕ್ಕ. ಮಜ್ಜಿಗೆ, ಗಂಜಿ ಕೂಡ ನೀರಲ್ಲ. ಹಾಗೆಂದು ಹಿಂದಿನ ರಾತ್ರಿಯಿಂದ ಗುಟುಕು ನೀರೂ ಬೇಡವೆನ್ನುವುದು ಅತಿಯಾಯಿತು. ನಿಮ್ಮ ಆಸ್ಪತ್ರೆ ಹೇಳಿದ ಹೊತ್ತನ್ನು ಪಾಲಿಸಿ, ನೀರಿನ ಬಗ್ಗೆ ಬೇರೆಯಾಗಿಯೇ ಕೇಳಿ.

ಬೆಳಿಗ್ಗೆ ಹಲ್ಲುಜ್ಜಿ. ಬಾಯಿಯ ಕೊಳೆಯೇ ಕೊಳವೆಯ ಜೊತೆ ಒಳಗಿಳಿಯುತ್ತದೆ. ಅಲುಗಾಡುವ ಹಲ್ಲಿದ್ದರೆ ತೋರಿಸಿ, ಕಟ್ಟಿಸಿದ ಹಲ್ಲಿನ ಸೆಟ್ ತೆಗೆದಿಡಿ. ಒಂದು ಕೈಯ ಬೆರಳಿನಲ್ಲಾದರೂ ಉಗುರುಬಣ್ಣ ಇರದಿರಲಿ, ಆಮ್ಲಜನಕ ಅಳೆಯುವ ಕ್ಲಿಪ್‌ಗೆ ಅದು ಅಡ್ಡಿ.

ಮೂರು ಚೆಂಡಿನ ಡಬ್ಬಿ

ಹೆಸರು ಇನ್ಸೆಂಟಿವ್ ಸ್ಪೈರೋಮೀಟರ್. ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಮೂರು ಕೋಣೆಗಳ ಮೇಲೆ 600, 900, 1200 ಎಂದು ಬರೆದಿರುತ್ತದೆ. ಇದನ್ನು ಮಿಲಿಲೀಟರ್ ಎಂದು ಓದಿ, ಮೂರೂ ಚೆಂಡು ಹಾರಿದರೆ 1200 ಮಿಲಿಲೀಟರ್ ಗಾಳಿ ಎಳೆದಂತೆ ಎಂದುಕೊಳ್ಳುತ್ತಾರೆ. ಅದು ವೇಗ, ಒಂದು ಸೆಕೆಂಡಿಗೆ ಅಷ್ಟು ಮಿಲಿಲೀಟರ್. ಗಟಕ್ಕನೆ ಅರ್ಧ ಸೆಕೆಂಡ್ ಎಳೆದು ಮೂರೂ ಚೆಂಡು ಹಾರಿಸಿದವರ ಎದೆಗೆ ಹೋದದ್ದು 600 ಮಿಲಿಲೀಟರ್. ಮೊದಲ ಚೆಂಡೊಂದನ್ನೇ 3 ಸೆಕೆಂಡ್ ತೇಲಿಸಿದವರ ಎದೆಗೆ ಹೋದದ್ದು 1800. ಗಟಕ್ಕನೆ ಎಳೆದ ಗಾಳಿ ಮೊದಲೇ ತೆರೆದಿರುವ ಭಾಗಕ್ಕೇ ನುಗ್ಗುತ್ತದೆ; ಮುದುಡಿದ ತಳಭಾಗ ಬಿಚ್ಚಿಕೊಳ್ಳಲು ನಿಧಾನದ, ಉದ್ದನೆಯ ಉಸಿರೇ ಬೇಕು. ಪಕ್ಕದ ಮಂಚದವರ ಜೊತೆ "ನಾನು ಮೂರೂ ಹಾರಿಸಿದೆ" ಎಂಬ ಪೈಪೋಟಿಗೆ ಅರ್ಥವಿಲ್ಲ.

ಕುರ್ಚಿಯಲ್ಲಿ ಅಥವಾ ಮಂಚದ ಅಂಚಿನಲ್ಲಿ ನೆಟ್ಟಗೆ ಕೂರಿ. ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ನೇರವಾಗಿ ಹಿಡಿಯಿರಿ, ವಾಲಿದರೆ ಚೆಂಡು ಸುಳ್ಳು ಹೇಳುತ್ತದೆ. ಮೊದಲು ಆರಾಮವಾಗಿ ಉಸಿರು ಹೊರಬಿಡಿ. ಕೊಳವೆಯ ತುದಿಯನ್ನು ತುಟಿಗಳಿಂದ ಬಿಗಿಯಾಗಿ ಮುಚ್ಚಿ. ಎಳನೀರಿಗೆ ಸ್ಟ್ರಾ ಹಾಕಿ ಹೀರುವಂತೆ ನಿಧಾನವಾಗಿ ಒಳಗೆಳೆಯಿರಿ. ಮೊದಲ ಚೆಂಡು ಮೇಲೇರಿ ಅಲ್ಲೇ ನಿಂತಿರಲಿ, ಎರಡನೆಯದು ಅಲುಗಿದರೆ ಪರವಾಗಿಲ್ಲ, ಮೂರನೆಯದು ಕೂತೇ ಇರಲಿ. ಎದೆ ತುಂಬಿದ ಮೇಲೆ ಕೊಳವೆ ಬಿಟ್ಟು 3 ಸೆಕೆಂಡ್ ಉಸಿರು ಹಿಡಿಯಿರಿ. ಈ ಹಿಡಿತವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ, ಅರ್ಧ ಫಲ ಇರುವುದು ಅದರಲ್ಲೇ. ಆಮೇಲೆ ಮೆಲ್ಲಗೆ ಬಿಡಿ. ನಾಲ್ಕೈದು ಉಸಿರಾದ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳಿ. ಒಂದೇ ಸಮ ಮಾಡಿದರೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಹತ್ತು ಉಸಿರಾದರೆ ಒಂದು ಸರದಿ.

ಆಪರೇಷನ್‌ಗೆ ಮುಂಚೆ ದಿನಕ್ಕೆ ಮೂರ್ನಾಲ್ಕು ಸರದಿ ಸಾಕು. ಮೊದಲ ಚೆಂಡನ್ನು ಎಷ್ಟು ಸೆಕೆಂಡ್ ತೇಲಿಸುತ್ತೀರಿ ಎಂದು ಬರೆದಿಟ್ಟುಕೊಳ್ಳಿ, ಆಮೇಲಿನ ಚೇತರಿಕೆಯನ್ನು ಅಳೆಯಲು ನಿಮ್ಮದೇ ಅಳತೆಗೋಲು ಇದು. ಹಾಗೆಂದು ಈ ಡಬ್ಬಿಯೊಂದೇ ನ್ಯೂಮೋನಿಯಾ ತಡೆಯುತ್ತದೆಂದು ನಂಬಬೇಡಿ. ಡಬ್ಬಿಯಿಲ್ಲದೆ ದೀರ್ಘ ಉಸಿರೆಳೆದವರಿಗಿಂತ ಡಬ್ಬಿ ಹಿಡಿದವರಿಗೆ ಹೆಚ್ಚು ಲಾಭವಾಯಿತೆಂದು ಪರೀಕ್ಷೆಗಳು ತೋರಿಸಿಲ್ಲ. ಅದು ನೆನಪಿಸುವ, ಎಣಿಸುವ ಸಾಧನ. ಕೈಗೆ ಸಿಗದಿದ್ದರೆ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಅಂಗೈ ಮೇಲೇಳುವಂತೆ ಮೂಗಿನಿಂದ ಉಸಿರೆಳೆದು 3 ಸೆಕೆಂಡ್ ಹಿಡಿದು ಬಿಟ್ಟರೂ ಆಯಿತು.

ಮೊದಲ ಮೂರು ದಿನ

ಹೊಟ್ಟೆಯ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ದು ಮಾಡಿದ ಆಪರೇಷನ್ ಮರುದಿನ, ಒಮ್ಮೆಗೆ ಎಳೆದುಬಿಡಬಲ್ಲ ಗಾಳಿಯ ಪ್ರಮಾಣ ಮೊದಲಿದ್ದದ್ದರ 40–50 ಶೇಕಡಾಕ್ಕೆ ಇಳಿದಿರುತ್ತದೆ. ಮೊದಲು 2.5 ಲೀಟರ್ ಎಳೆಯುತ್ತಿದ್ದವರಿಗೆ ಈಗ ಒಂದು, ಒಂದೂಕಾಲು ಲೀಟರ್. ಅಂದರೆ ಮೊದಲ ಚೆಂಡು ಎರಡು ಸೆಕೆಂಡ್ ತೇಲಿದರೆ ಅದೇ ಪೂರ್ತಿ ಉಸಿರು, ನಿರಾಶರಾಗಬೇಡಿ. ಪೂರ್ತಿ ಹಿಂದಿನಂತಾಗಲು ಒಂದೆರಡು ವಾರ ಬೇಕು. ಹೊಕ್ಕುಳಿನ ಕೆಳಗಿನ ಗಾಯದಲ್ಲಿ ಇಳಿತ ಕಡಿಮೆ, ಲ್ಯಾಪರೋಸ್ಕೋಪಿಯಲ್ಲೂ ಕಡಿಮೆ, ಕೈಕಾಲಿನ ಆಪರೇಷನ್‌ನಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಲ್ಯಾಪರೋಸ್ಕೋಪಿ ಆದ ಮೇಲೆ ಭುಜ ನೋಯುವುದು ವಪೆಯ ಕೆಳಗೆ ಉಳಿದ ಅನಿಲದಿಂದ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಹೋಗುತ್ತದೆ.

ಈ ಇಳಿತಕ್ಕೆ ನೋವೊಂದೇ ಕಾರಣವಲ್ಲ. ಹೊಟ್ಟೆಯೊಳಗೆ ಕೈಯಾಡಿದ್ದಕ್ಕೆ ನರಗಳ ಮೂಲಕ ವಪೆಗೆ ಬರುವ ಸಂಕೇತವೇ ಮಂಕಾಗುತ್ತದೆ. ಹಾಗಾಗಿ ನೋವಿಲ್ಲದಿದ್ದರೂ ಉಸಿರು ತಾನಾಗಿ ಆಳವಾಗುವುದಿಲ್ಲ, ನೆನಪಿಟ್ಟು ಎಳೆಯಬೇಕು. ಆದರೆ ನೋವಿದ್ದರೆ ಎಳೆಯಲೂ ಆಗದು, ಕೆಮ್ಮಲೂ ಆಗದು. "ತಡ್ಕೋತೀನಿ, ಇಂಜೆಕ್ಷನ್ ಬೇಡ" ಎನ್ನುವ ಧೈರ್ಯಕ್ಕೆ ಶ್ವಾಸಕೋಶ ದಂಡ ತೆರುತ್ತದೆ. ನೋವಿನ ಔಷಧಿಯನ್ನು ನೋವು ಬಂದಾಗಲ್ಲ, ಬರೆದ ಹೊತ್ತಿಗೆ ತೆಗೆದುಕೊಳ್ಳಿ. ಮಾತ್ರೆ ನುಂಗಿದ ಅರ್ಧ, ಮುಕ್ಕಾಲು ಗಂಟೆಗೆ ಕೆಮ್ಮುವ, ನಡೆಯುವ ಕೆಲಸ ಇಟ್ಟುಕೊಳ್ಳಿ. ಪರೀಕ್ಷೆ ಸುಲಭ: ನೋವಿಲ್ಲದೆ ಮಲಗಲು ಆಗುತ್ತಿದೆಯೇ ಎಂದಲ್ಲ, ಬಲವಾಗಿ ಕೆಮ್ಮಲು ಆಗುತ್ತಿದೆಯೇ ಎಂದು ನೋಡಿ. ಆಗದಿದ್ದರೆ ಔಷಧಿ ಸಾಲದು ಎಂದು ಹೇಳಿ.

ಎಚ್ಚರವಿರುವ ಪ್ರತಿ ಗಂಟೆಗೆ ಹತ್ತು ದೀರ್ಘ ಉಸಿರು, ಆಮೇಲೆ ಕೆಮ್ಮು. ಕೆಮ್ಮುವ ಕ್ರಮ ಹೀಗೆ. ಕೂತು, ಮಡಿಸಿದ ಟವೆಲ್ ಅಥವಾ ಸಣ್ಣ ದಿಂಬನ್ನು ಗಾಯದ ಮೇಲಿಟ್ಟು ಎರಡೂ ಕೈಗಳಿಂದ ಅಪ್ಪಿ ಒತ್ತಿ. ಮಂಡಿ ಸ್ವಲ್ಪ ಮಡಚಿರಲಿ, ಹೊಟ್ಟೆ ಸಡಿಲವಾಗುತ್ತದೆ. ಮೊದಲು ಕನ್ನಡಿಗೆ ಆವಿ ಹಿಡಿಸುವಂತೆ ಬಾಯಿ ತೆರೆದು "ಹಾ" ಎಂದು ಎರಡು ಮೂರು ಸಲ ರಭಸದಿಂದ ಉಸಿರು ಬಿಡಿ. ಇದು ಕಫವನ್ನು ಕೆಳಗಿನಿಂದ ಗಂಟಲಿನ ಹತ್ತಿರಕ್ಕೆ ತರುತ್ತದೆ. ಆಮೇಲೆ ಆಳವಾಗಿ ಉಸಿರೆಳೆದು, ದಿಂಬು ಬಿಗಿಯಾಗಿ ಒತ್ತಿ, ಒಂದೆರಡು ಗಟ್ಟಿ ಕೆಮ್ಮು. ಗಂಟಲಿನಲ್ಲೇ ಕೆರೆಯುವ ಸಣ್ಣ ಕೆಮ್ಮಿನಿಂದ ಸುಸ್ತಷ್ಟೇ ಸಿಗುತ್ತದೆ. ಬಂದ ಕಫವನ್ನು ನುಂಗದೆ ಉಗಿದು, ಬಣ್ಣ ನೋಡಿ. ಕಣ್ಣು, ಕಿವಿ, ಮಿದುಳಿನ ಕೆಲವು ಆಪರೇಷನ್‌ಗಳಲ್ಲಿ ಮಾತ್ರ ಬಲವಾಗಿ ಕೆಮ್ಮಬಾರದೆಂದು ಹೇಳುತ್ತಾರೆ. ಅಂಥವರು ತಮ್ಮ ಸರ್ಜನ್ ಮಾತು ಕೇಳಬೇಕು.

"ಕೆಮ್ಮಬೇಡಪ್ಪ, ಹೊಲಿಗೆ ಬಿಚ್ಕೊಳ್ಳುತ್ತೆ", "ಏಳಬೇಡ, ಮಲಗಿರು" ಎನ್ನುವ ಹಿರಿಯರು ಪ್ರತಿ ವಾರ್ಡಿನಲ್ಲಿ ಇರುತ್ತಾರೆ. ಒತ್ತಿ ಹಿಡಿದು ಕೆಮ್ಮಿದರೆ ಹೊಲಿಗೆ ಸಾಮಾನ್ಯವಾಗಿ ತಾಳುತ್ತದೆ. ಏಳದೆ ಮಲಗಿದರೆ, ಮೊದಲು ಹೇಳಿದ ಒಂದು ಲೀಟರಿನ ನಷ್ಟ ಹಾಗೇ ಉಳಿಯುತ್ತದೆ. ಮಂಚದ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿರಲಿ, ಜಾರಿ ಕೆಳಗೆ ಬಂದರೆ ಎಳೆದು ಸರಿ ಕೂರಿಸಿ. ಡಾಕ್ಟರ್ ಒಪ್ಪಿದರೆ ಅದೇ ದಿನ ಸಂಜೆ ಕಾಲು ಕೆಳಗೆ ಬಿಟ್ಟು ಕೂರುವುದು, ಮಾರನೆಯ ದಿನದಿಂದ ಮೂರು ಸಲವಾದರೂ ನಡೆಯುವುದು. ಎದ್ದು ಕೂರಲು ಹೊಟ್ಟೆಗೆ ಬಲ ಹಾಕಬೇಡಿ. ಮಂಡಿ ಮಡಚಿ, ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಾ ಮೊಣಕೈ ಊರಿ ಏಳಿ. ತಲೆ ಸುತ್ತು ಇಳಿಯುವವರೆಗೆ ಒಂದು ನಿಮಿಷ ಕೂತು ನಿಲ್ಲಿ. ಆವಿ ಹಿಡಿಸುವುದು ಗಂಟಲಿಗೆ ಹಿತವೆನಿಸಬಹುದು, ಮುದುಡಿದ ಶ್ವಾಸಕೋಶವನ್ನು ಅದು ಬಿಚ್ಚುವುದಿಲ್ಲ. ಮಂಪರಿನಲ್ಲಿರುವವರ ಮುಂದೆ ಕುದಿಯುವ ಪಾತ್ರೆ ಇಡುವುದಂತೂ ಅಪಾಯ.

ಜೊತೆಗಿರುವವರು ನೋಡಬೇಕಾದ್ದು

ಕೈಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 12ರಿಂದ 20 ಸರಿ. 25 ದಾಟಿದರೆ ಸಿಸ್ಟರ್‌ಗೆ ಹೇಳಿ. ಮಾರ್ಫಿನ್, ಫೆಂಟನಿಲ್‌ನಂಥ ನೋವಿನ ಔಷಧಿ ಪಡೆದವರಲ್ಲಿ 10ಕ್ಕಿಂತ ಕೆಳಗಿಳಿದು, ಕರೆದರೂ ಕಣ್ಣು ಬಿಡಲು ಕಷ್ಟಪಡುತ್ತಿದ್ದರೆ ಆ ಕ್ಷಣವೇ ಕೂಗಿ ಕರೆಯಿರಿ. ಇಲ್ಲೊಂದು ಮೋಸವಿದೆ. ಮೂಗಿಗೆ ಆಮ್ಲಜನಕ ಹಾಕಿದ್ದರೆ, ಉಸಿರು ತೀರಾ ನಿಧಾನವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತಿದ್ದರೂ ಬೆರಳಿನ ಕ್ಲಿಪ್ 97, 98 ಎಂದೇ ತೋರಿಸುತ್ತಿರುತ್ತದೆ. ಪರದೆಯ ಅಂಕಿಗಿಂತ ಎದೆಯ ಏರಿಳಿತ ನೋಡಿ. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಸದ್ದು ನಿಲ್ಲಿಸುವವರು "ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ" ಎಂದಲ್ಲ.

ಮೂರು ನಾಲ್ಕನೆಯ ದಿನ ಹಳದಿ, ಹಸಿರು ಕಫ, ಜ್ವರ, ಏದುಸಿರು ಸೇರಿ ಬಂದರೆ ನ್ಯೂಮೋನಿಯಾ ಇರಬಹುದು. ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿ, ಒಂದು ಮೀನಖಂಡ ಊದಿದ್ದರೆ ಅಥವಾ ಕಫದಲ್ಲಿ ರಕ್ತ ಕಂಡರೆ, ಕಾಲಿನ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಅದು ಉಸಿರಾಟದ ವ್ಯಾಯಾಮದಿಂದ ಸರಿಹೋಗುವಂಥದ್ದಲ್ಲ, ತಕ್ಷಣ ಆಸ್ಪತ್ರೆ. ಮನೆಗೆ ಬಂದ ಮೇಲೆ ಆಕ್ಸಿಮೀಟರ್ 94ಕ್ಕಿಂತ ಕೆಳಗೇ ನಿಂತಿದ್ದರೆ ಫೋನ್ ಮಾಡಿ ಕೇಳಿ, 90ಕ್ಕಿಂತ ಕೆಳಗಾದರೆ ಹೊರಡಿ. ಹಳೆಯ ಶ್ವಾಸಕೋಶದ ಕಾಯಿಲೆಯಿಂದ ಮೊದಲೇ ಕಡಿಮೆ ಇರುವವರು ತಮ್ಮ ಮಾಮೂಲಿ ಅಂಕಿ ಎಷ್ಟೆಂದು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಲಿ.

ಡಬ್ಬಿಯನ್ನು ಮನೆಯಲ್ಲೂ ಎರಡು ವಾರ ಮುಂದುವರಿಸಿ. ಬರೆದಿಟ್ಟ ಹಳೆಯ ಸೆಕೆಂಡುಗಳ ಲೆಕ್ಕ ಮತ್ತೆ ಮುಟ್ಟಿದಾಗ ನಿಲ್ಲಿಸಬಹುದು. ಬಾಯಿಗಿಡುವ ತುದಿಯನ್ನು ದಿನವೂ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಮುಗಿದ ಮೇಲೆ ಮುಂದಿನ ತಿಂಗಳು ಆಪರೇಷನ್ ಇರುವ ನೆಂಟರಿಗೆ ಕೊಡುವುದು ಬೇಡ, ಅವರಿಗೆ ಹೊಸದನ್ನೇ ಕೊಡಿಸಿ. ಇವತ್ತೇ ಕೊಡಿಸಿ.